ಗಂಜ್‌ನಿಂದ ಬಾಯ್ಲರ್‌ವರೆಗೆ

ವಿಜಯಪುರದ ಗಂಜ್‌ಗಳು ಇಬ್ರಾಹಿಂಪುರದವರಿಗೆ ಹೊಸದಲ್ಲ ಬಿಡ್ರಿ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಕಟ್ಟಿಸಿದ ಬೇಗಂ ತಾಲಾಬಿನ ನೀರು ಮಣ್ಣಿನ ಕೊಳವೆಯೊಳಗ ಊರಿಗೆ ಬರ್ತಿತ್ತು. ಒತ್ತಡಕ್ಕ ಕೊಳವೆ ಒಡೀಬಾರದಂತ ನಡುನಡುವ ಈ ಗೋಪುರ ಕಟ್ಟಿದ್ರು.

ಬಾಯ್ಲರಿಗೆ ಹಂಗ ಬಾಯಿ ತೆರೆದಿಡೋಕಾಗಲ್ಲ. 1905ರಲ್ಲಿ ಅಮೆರಿಕದ ಬ್ರಾಕ್ಟನ್‌ನ ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಇಂಥ ದುರಂತಗಳ ನಂತರ ಬಂದದ್ದು ಎಎಸ್‌ಎಂಇ ಕೋಡ್. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ಲೋಹಕ್ಕೆ ಅನುಮತಿಸಿದ ಸ್ಟ್ರೆಸ್‌ನಿಂದ ಭಾಗಿಸಿದ್ರೆ ಗೋಡೆಯ ದಪ್ಪ. ಹೆಚ್ಚೂಕಮ್ಮಿ ಇಷ್ಟೇ.

ಪೈಪಿಗೆ ತೂತು ಕೊರೆದ್ರೆ, ತೆಗೆದಷ್ಟು ಲೋಹ ಸುತ್ತ ಸೇರಿಸು ಅಂತದ ಕೋಡ್. ಅಂಚಿನಲ್ಲಿ ಸ್ಟ್ರೆಸ್ ಎಷ್ಟು ಅಂತ ಮಾತ್ರ ಹೇಳಲ್ಲ. ಪಾತ್ರೆಯನ್ನು ಸಾವಿರಾರು ತುಣುಕು ಮಾಡಿ ಲೆಕ್ಕ ಹಾಕೋ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಅಲ್ಲೇ ಕೆಂಪು ಚುಕ್ಕೆ ಕಾಣ್ತದ. ನೋಡಿದ ಕೂಡಲೇ ಹೆದರಬ್ಯಾಡ್ರಿ, ಲೋಹ ಅಲ್ಲಿ ಸ್ವಲ್ಪ ಮಣಿದು ಭಾರವನ್ನು ಪಕ್ಕಕ್ಕೆ ದಾಟಿಸ್ತದ. ಆದ್ರೆ ದಿನಾ ಒತ್ತಡ ಏರಿ ಇಳಿದ್ರೆ, ಬಿರುಕು ಶುರುವಾಗೋದು ಆ ಚುಕ್ಕೆಯಿಂದಲೇ.