ಸಂವಹನ ಚಿತ್ರಫಲಕ

ಸಂವಹನ ಚಿತ್ರಫಲಕವು ಮಾತು ಬಾರದ, ಅಥವಾ ಮಾತು ಅಗತ್ಯಕ್ಕೆ ಸಾಲದ ಮಗುವು ಚಿತ್ರಗಳನ್ನು ತೋರಿಸಿ ತನ್ನ ಮನಸ್ಸಿನಲ್ಲಿರುವುದನ್ನು ತಿಳಿಸಲು ಬಳಸುವ ಸಾಧನ. ರಟ್ಟಿನ ಮೇಲೆ ಸಾಲುಸಾಲಾಗಿ ಚೌಕಗಳನ್ನು ಮಾಡಿ, ಒಂದೊಂದರಲ್ಲಿ ಒಂದು ಚಿತ್ರವನ್ನೂ ಅದರ ಕೆಳಗೆ ಪದವನ್ನೂ ಇಟ್ಟರೆ ಫಲಕ ಸಿದ್ಧವಾಗುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಅಥವಾ ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳಿಗೆ ಇದು ಹೆಚ್ಚು ಉಪಯುಕ್ತ. ಕಿವುಡು ಮಗುವಿಗೆ ಮಾತ್ರ ಸಂಜ್ಞಾಭಾಷೆಯೇ ಭಾಷೆ. ಚಿತ್ರಫಲಕವು ಅದಕ್ಕೆ ಬದಲಿಯಲ್ಲ. ಆದ್ದರಿಂದ ಫಲಕಕ್ಕೆ ಮೊದಲು ಶ್ರವಣ ಪರೀಕ್ಷೆ ಆಗಿರಬೇಕು.

ಹಿನ್ನೆಲೆ

ಚಾರ್ಲ್ಸ್ ಬ್ಲಿಸ್ ಎಂಬುವರು 1949ರಲ್ಲಿ ಪ್ರಕಟಿಸಿದ ಸಂಕೇತಲಿಪಿಯನ್ನು 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಾತು ಬಾರದ ಮಕ್ಕಳಿಗೆ ಮೊದಲು ಕಲಿಸಲಾಯಿತು. 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಅವರು, ಮಗುವು ಚಿತ್ರದ ಚೀಟಿಯನ್ನು ಕೈಗೆ ಕೊಟ್ಟು ಬೇಕಾದುದನ್ನು ಪಡೆಯುವ ಪದ್ಧತಿಯನ್ನು ರೂಪಿಸಿದರು. ಭಾರತದಲ್ಲಿ ಕೋಲ್ಕತ್ತದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೆರೆಬ್ರಲ್ ಪಾಲ್ಸಿ ಈ ಕ್ಷೇತ್ರದ ಮುಂಚೂಣಿಯ ಸಂಸ್ಥೆ. ಕರ್ನಾಟಕದಲ್ಲಿ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ತಜ್ಞರನ್ನು ತರಬೇತುಗೊಳಿಸುತ್ತಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ‘ಸಂವಹನ’ ಎಂಬ ಪದದ ಅರ್ಥದಲ್ಲಿಯೇ ಮಾತಿಗೆ ಪೂರಕವೂ ಪರ್ಯಾಯವೂ ಆದ ವಿಧಾನಗಳನ್ನು ಸೇರಿಸಿದೆ.

ಮಾತು ನಿಂತುಹೋಗುವ ಭಯ

ಚಿತ್ರ ತೋರಿಸುವುದನ್ನು ಕಲಿತರೆ ಮಗು ಮಾತನಾಡುವ ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ ಎಂಬ ಭಯ ಮನೆಮನೆಯಲ್ಲೂ ಇದೆ. ‘ಇನ್ನೊಂದು ವರ್ಷ ನೋಡೋಣ, ತಾನಾಗಿಯೇ ಮಾತು ಬಂದೀತು’ ಎಂದು ಕಾಯುತ್ತ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಈ ಭಯಕ್ಕೆ ಆಧಾರವಿಲ್ಲ. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಅವರು ಹಿಂದಿನ ಅಧ್ಯಯನಗಳನ್ನು ಪರಿಶೀಲಿಸಿ, ಸಾಕ್ಷ್ಯ ದೃಢವಾಗಿದ್ದ 27 ಪ್ರಕರಣಗಳನ್ನು ಆಯ್ದರು. ಅವುಗಳಲ್ಲಿ ಒಂದರಲ್ಲಿಯೂ ಮಾತು ಕುಂದಿರಲಿಲ್ಲ, ಶೇ. 89ರಷ್ಟು ಪ್ರಕರಣಗಳಲ್ಲಿ ಮಾತು ಹೆಚ್ಚಿತ್ತು, ಆ ಹೆಚ್ಚಳ ಬಹುಮಟ್ಟಿಗೆ ಅಲ್ಪವೇ ಆದರೂ. ಫಲಕವಿಲ್ಲದೆ ಕಾಯುವುದರಲ್ಲಿ ಬೇರೊಂದು ಅಪಾಯವಿದೆ. ಕಿವಿನೋವಿನಿಂದ ತಲೆ ಚಚ್ಚಿಕೊಳ್ಳುವ ಮಗು ಹಠಮಾರಿಯೆನಿಸಿ ಪೆಟ್ಟು ತಿನ್ನುತ್ತದೆ. ತನ್ನನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಹೇಳಲು ಅದಕ್ಕೆ ದಾರಿಯೇ ಇರುವುದಿಲ್ಲ. ಆದ್ದರಿಂದ ‘ನೋವು’, ‘ಬೇಡ’, ‘ಮುಟ್ಟಬೇಡ’ ಎಂಬ ಚಿತ್ರಗಳೂ ದೇಹದ ಭಾಗಗಳ ಚಿತ್ರವೂ ತಿಂಡಿತಿನಿಸುಗಳ ಚಿತ್ರಗಳಿಗಿಂತ ಮುಖ್ಯ.

ಪದಗಳ ಆಯ್ಕೆ ಮತ್ತು ಜೋಡಣೆ

ಎಲ್ಲ ಸಂದರ್ಭಕ್ಕೂ ಒದಗುವ ‘ಬೇಕು’, ‘ಬೇಡ’, ‘ಇನ್ನೂ’, ‘ಸಾಕು’, ‘ಬಾ’, ‘ಹೋಗು’, ‘ಕೊಡು’, ‘ನಾನು’, ‘ನೀನು’ ಮೊದಲಾದ ಪದಗಳು ಫಲಕದಲ್ಲಿ ಸದಾ ಇರತಕ್ಕದ್ದು. ಬರಿಯ ವಸ್ತುಗಳ ಹೆಸರಿದ್ದರೆ ಮಗು ಕೇಳಬಲ್ಲದೇ ಹೊರತು ನಿರಾಕರಿಸಲಾರದು, ಕರೆಯಲಾರದು, ದೂರಲಾರದು. ಒಮ್ಮೆ ಇಟ್ಟ ಚಿತ್ರದ ಸ್ಥಾನವನ್ನು ಬದಲಿಸಬಾರದು. ಕೈಗೆ ಆ ಜಾಗ ರೂಢಿಯಾಗುತ್ತದೆ.

ಇಂಗ್ಲಿಷ್ ಮಾದರಿಯ ಫಲಕಗಳಲ್ಲಿ ಕ್ರಿಯೆಯ ಚಿತ್ರಗಳು ನಡುವೆ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದರಿಂದ ವ್ಯಕ್ತಿಗಳನ್ನು ಎಡಕ್ಕೆ, ವಸ್ತುಗಳನ್ನು ನಡುವೆ, ಕ್ರಿಯೆಗಳನ್ನು ಬಲಕ್ಕೆ ಇಡುವುದು ಯೋಗ್ಯ. ವಿಭಕ್ತಿ ಪ್ರತ್ಯಯಗಳಿಗೆ ಬೇರೆ ಚಿತ್ರ ಬೇಕಾಗಿಲ್ಲ. ಮಗುವು ‘ನಾನು–ರೊಟ್ಟಿ–ಬೇಕು’ ಎಂದು ತೋರಿಸಿದರೆ ದೊಡ್ಡವರು ‘ನನಗೆ ರೊಟ್ಟಿ ಬೇಕು’ ಎಂದು ಪೂರ್ಣವಾಗಿ ನುಡಿದು ತೋರಿಸಿದರೆ ಸಾಕು.

ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಸುತ್ತಣ ಪ್ರದೇಶವು ತೊಗರಿ ಹೊಲಗಳ, ಹಾಸುಗಲ್ಲಿನ ಗಣಿಗಳ, ಸಿಮೆಂಟು ಕಾರ್ಖಾನೆಗಳ ನಾಡು. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ ಮಾತುಗಳು ಕೇಳಿಬರುತ್ತವೆ. ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಮನೆಯಲ್ಲಿ ಒಂದು ನುಡಿ, ಅಂಗನವಾಡಿಯಲ್ಲಿ ಇನ್ನೊಂದು ಎಂಬ ಮಗುವಿಗೆ ಮಾತು ತಡವಾದರೆ ‘ಮನೆಮಾತನ್ನು ಬಿಟ್ಟುಬಿಡಿ’ ಎಂಬ ಸಲಹೆ ಬೇಗ ಬರುತ್ತದೆ. ಅದು ಸರಿಯಲ್ಲ. ನೀರಿನ ಚಿತ್ರ ಒಂದೇ. ಅದನ್ನು ತೋರಿಸುತ್ತ ‘ನೀರು’ ಎನ್ನಬಹುದು, ‘ನೀಳ್ಳು’ ಎನ್ನಬಹುದು, ‘ಪಾನಿ’ ಎನ್ನಬಹುದು. ಚಿತ್ರದ ಕೆಳಗೆ ಎರಡು ಲಿಪಿಗಳಲ್ಲಿ ಪದ ಬರೆದರೆ ಅಂಗನವಾಡಿಯಲ್ಲೂ ಮನೆಯಲ್ಲೂ ಅದೇ ಫಲಕ ನಡೆಯುತ್ತದೆ. ಈ ಐದೂ ನುಡಿಗಳಲ್ಲಿ ಕ್ರಿಯಾಪದ ಕೊನೆಯಲ್ಲಿಯೇ ಬರುವುದರಿಂದ ಜೋಡಣೆಯನ್ನೂ ಬದಲಿಸಬೇಕಾಗಿಲ್ಲ.

ಸ್ಪೇನಿನ ಅರಾಗೊನ್ ಸರ್ಕಾರದ ‘ಅರಾಸಾಕ್’ ಸಂಗ್ರಹದಲ್ಲಿ ಸಾವಿರಾರು ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಆದರೆ ಡಬಲ್‌ರೊಟ್ಟಿಯ ಚಿತ್ರವು ಇಲ್ಲಿನ ಮಗುವಿಗೆ ಜೋಳದ ರೊಟ್ಟಿಯಾಗಿ ಕಾಣದು. ಅವ್ವ, ಅಪ್ಪ, ಆಯಿ, ಮುತ್ಯಾ, ಮನೆಯ ತಾಟು, ನೀರಿನ ಕೊಡ, ಹೊರಸು, ಬಚ್ಚಲು ಇವುಗಳ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುವುದೇ ಉತ್ತಮ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಅಂಟಿಸಿ ಮೇಲೆ ಪಾರದರ್ಶಕ ಟೇಪು ಹಚ್ಚಿದರೆ ಬಹುಕಾಲ ಬಾಳುತ್ತದೆ. ತಂದೆತಾಯಿ ಗಣಿಗೋ ಹೊಲಕ್ಕೋ ಹೋದಾಗ ಮಗುವಿನೊಡನೆ ಉಳಿಯುವವಳು ಆಯಿ. ಅವಳಿಗೆ ಓದು ಬಾರದಿದ್ದರೂ ಚಿತ್ರ ತಿಳಿಯುತ್ತದೆ. ಆದ್ದರಿಂದ ಮೊದಲು ಕಲಿಸಬೇಕಾದುದು ಅವಳಿಗೆ. ದುಡಿಮೆಗಾಗಿ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುವ ಕುಟುಂಬಕ್ಕೆ ಮಡಚಬಲ್ಲ ಫಲಕ ಅನುಕೂಲ.

ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ. ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣದ ಅವಕಾಶವಿದ್ದು, ಅದರ ಬಗ್ಗೆ ಅಲ್ಲಿಯೇ ವಿಚಾರಿಸಬೇಕು. ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಅಂಗವಿಕಲರ ಗುರುತಿನ ಚೀಟಿಯ ಮಾಹಿತಿ ಸಿಗುತ್ತದೆ.

ಬಳಸುವ ರೀತಿ

ಫಲಕವನ್ನು ಮೊದಲು ಬಳಸಬೇಕಾದವರು ದೊಡ್ಡವರು. ‘ಊಟ ಮಾಡೋಣ ಬಾ’ ಎನ್ನುವಾಗಲೇ ಊಟದ ಚಿತ್ರವನ್ನೂ ‘ಬಾ’ ಎಂಬ ಚಿತ್ರವನ್ನೂ ಬೆರಳಿಟ್ಟು ತೋರಿಸಬೇಕು. ತಿಂಗಳುಗಟ್ಟಲೆ ಕೇಳಿದ ಮೇಲಲ್ಲವೇ ಮಗು ಮಾತನಾಡುವುದು? ಚಿತ್ರಗಳಿಗೂ ಅದೇ ನಿಯಮ. ತೋರಿಸಿದ ಬಳಿಕ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಮಗುವಿನ ಕೈ ಹಿಡಿದು ಚಿತ್ರಕ್ಕೆ ಒತ್ತುವುದು, ‘ರೊಟ್ಟಿ ಎಲ್ಲಿದೆ ತೋರಿಸು’ ಎಂದು ಪದೇ ಪದೇ ಪರೀಕ್ಷಿಸುವುದು ಸಲ್ಲದು. ಶಿಕ್ಷಕರು ಹೆಚ್ಚಾಗಿ ಮಾಡುವ ತಪ್ಪು ಇದೇ. ಮಗು ‘ಬೇಡ’ ಎಂದು ತೋರಿಸಿದಾಗ ಸಾಧ್ಯವಿದ್ದಷ್ಟೂ ಅದನ್ನು ಮನ್ನಿಸಬೇಕು. ಔಷಧದಂತಹ ವಿಷಯದಲ್ಲಿ ಮನ್ನಿಸಲಾಗದಿದ್ದರೂ ‘ಬೇಡ ಅಂದೆ, ಗೊತ್ತಾಯಿತು’ ಎಂದು ಹೇಳಬೇಕು.

ಬೆರಳು ಚಾಚಲಾಗದ ಮಗುವಿಗೆ ನಾಲ್ಕು ಚಿತ್ರಗಳನ್ನು ದೂರದೂರ ಇಟ್ಟು ಅದರ ನೋಟ ಎತ್ತ ನೆಡುತ್ತದೆಂದು ಗಮನಿಸಬಹುದು. ಇಲ್ಲವೆ ದೊಡ್ಡವರು ಒಂದೊಂದೇ ಚೌಕವನ್ನು ಮುಟ್ಟುತ್ತ ಹೋಗಿ, ಮಗು ನಗುವಿನಿಂದಲೋ ಕಣ್ಣೆವೆಯಿಂದಲೋ ಹೌದೆಂದಾಗ ನಿಲ್ಲಿಸಬಹುದು.

ಮಿತಿಗಳು

ಫಲಕಕ್ಕೆ ಧ್ವನಿಯಿಲ್ಲ, ನೋಡುವವರು ಹತ್ತಿರದಲ್ಲಿರಲೇಬೇಕು. ಚೆನ್ನೈಯಲ್ಲಿ ರೂಪುಗೊಂಡ ‘ಆವಾಜ್’ನಂತಹ ಆ್ಯಪ್‌ಗಳು ಈ ಕೊರತೆಯನ್ನು ನೀಗುತ್ತವೆ, ಆದರೆ ಟ್ಯಾಬ್ಲೆಟ್ ಮತ್ತು ವಿದ್ಯುತ್ತನ್ನು ಬೇಡುತ್ತವೆ. ಫಲಕದಲ್ಲಿ ಹಿಡಿಯುವ ಪದಗಳಿಗೂ ಮಿತಿಯುಂಟು. ಹೀಗಾಗಿ ಅಕ್ಷರ ಕಲಿಯಬಲ್ಲ ಮಗುವಿಗೆ ಮುಂದೆ ಅಕ್ಷರಫಲಕವನ್ನು ಕೊಡಲಾಗುತ್ತದೆ. ಕನ್ನಡದ ಗುಣಿತಾಕ್ಷರಗಳೆಲ್ಲವನ್ನೂ ಒಂದು ಹಾಳೆಯಲ್ಲಿ ತುಂಬುವುದು ಕಷ್ಟವಾದ್ದರಿಂದ, ವ್ಯಂಜನಗಳನ್ನು ಒಂದು ಕಡೆ, ಸ್ವರಚಿಹ್ನೆಗಳನ್ನು ಇನ್ನೊಂದು ಕಡೆ ಬರೆದು, ಎರಡನ್ನೂ ಒಂದಾದ ಮೇಲೊಂದು ತೋರಿಸುವ ಕ್ರಮವನ್ನು ರೂಢಿಸಬಹುದು.