ನುಂಗಲಾಗದವರಿಗೆ ಹಿಂಬಾಗಿಲ ಮದ್ದು

ಹಸುಗೂಸಿಗೆ ಮಲ ಕಟ್ಟಿಕೊಂಡರೆ ಅಜ್ಜಿಯರು ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ಇಡುತ್ತಿದ್ದರು. ರಾಜಾನುಕುಂಟೆ ಕಡೆ ಇದನ್ನು ಕಂಡವರು ಈಗಲೂ ಇದ್ದಾರೆ. ಆಯುರ್ವೇದದಲ್ಲಿ ಇಂಥದ್ದಕ್ಕೆ ಫಲವರ್ತಿ ಎಂಬ ಹೆಸರಿದೆ. ಜ್ವರದ ಮಗುವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಸಪೋಸಿಟರಿಯೂ ಅದೇ ಜಾತಿಯದು. ಕ್ಯಾನ್ಸರ್ ಔಷಧಿಯನ್ನೂ ಇದೇ ದಾರಿಯಲ್ಲಿ ಕೊಟ್ಟಿದ್ದರು ಎಂದರೆ ಕೆಲವರಿಗೆ ನಗು ಬರಬಹುದು. ಅನ್ನನಾಳದ ಗೆಡ್ಡೆಯಿಂದ ಗುಟುಕು ನೀರೂ ಇಳಿಯದವರ ಮನೆಯಲ್ಲಿ ಯಾರೂ ನಗುವುದಿಲ್ಲ.

1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು 5-ಫ್ಲೂರೊಯುರಾಸಿಲ್ ಎಂಬ ಮದ್ದನ್ನು ಲೋಕಕ್ಕೆ ತಿಳಿಸಿದರು. ಕರುಳಿನ ಕ್ಯಾನ್ಸರಿಗೆ ಇವತ್ತಿಗೂ ಅದು ಬೇಕು. ಆದರೆ ನುಂಗಿದರೆ ಕರುಳು, ಯಕೃತ್ತುಗಳೇ ಅದನ್ನು ಒಡೆದುಹಾಕುತ್ತವೆ. ಒಬ್ಬರ ರಕ್ತಕ್ಕೆ ಸೇರಿದಷ್ಟು ಇನ್ನೊಬ್ಬರಿಗೆ ಸೇರುವುದಿಲ್ಲ. ಹಾಗಾಗಿ ಸೂಜಿಯೇ ಗತಿಯಾಯಿತು. ಸೂಜಿ ಎಂದರೆ ಆಸ್ಪತ್ರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಅಲ್ಲಿಗೆ ಹೋಗಲು ನಮ್ಮವರು ಇಂದಿಗೂ ಯಲಹಂಕ ದಾಟಿ ಇಡೀ ನಗರ ಹಾಯಬೇಕು.

ಗುದನಾಳದ ಕೆಳಭಾಗದ ರಕ್ತ ಯಕೃತ್ತಿಗೆ ಹೋಗದೆ ನೇರ ಮೈಗೆ ಸೇರುತ್ತದೆ. ಅಲ್ಲಿ ಮದ್ದಿಟ್ಟರೆ ಹೇಗೆ ಎಂದು ಸಂಶೋಧಕರು ಯೋಚಿಸಿದ್ದು ಅದಕ್ಕೇ. 1960ರ ದಶಕದಲ್ಲಿ ಲಾಟ್ವಿಯಾದ ರೀಗಾದಲ್ಲಿ ಸೊಲೊಮೊನ್ ಹಿಲ್ಲರ್ಸ್ ತಂಡ ಟೆಗಾಫರ್ ತಯಾರಿಸಿತು. ಅದು ಮೈಯೊಳಗೆ ನಿಧಾನವಾಗಿ 5-ಫ್ಲೂರೊಯುರಾಸಿಲ್ ಆಗಿ ಬದಲಾಗುತ್ತದೆ. ಜಪಾನಿನವರು ಅದನ್ನು ಸಪೋಸಿಟರಿಯಾಗಿಯೂ ಮಾರಾಟಕ್ಕೆ ತಂದರು. ಬಾಯಿ ಕಟ್ಟಿದವರಿಗೆ, ವಾಂತಿ ನಿಲ್ಲದವರಿಗೆ ಅದೊಂದು ದಾರಿಯಾಯಿತು.

ಮಾಡುವ ಕೆಲಸ ಮಾತ್ರ ಸುಲಭವಲ್ಲ. ಹಳೆಯ ಕಾಲದಿಂದ ಬಳಸುತ್ತಿದ್ದುದು ಕೋಕೊ ಬೆಣ್ಣೆ. ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಚಾಕೊಲೇಟಿಗೆ ಹಾಕುವುದೂ ಅದನ್ನೇ! ಅದು ಮೈಬಿಸಿಗೆ ಕರಗುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೂ ಕರಗುತ್ತದೆ. ಅದಕ್ಕೇ ಬಿಸಿಗೆ ಕರಗದೆ, ಒಳಗಿನ ತೇವಕ್ಕೆ ಕರಗುವ ಮೇಣದಂಥ ಪದಾರ್ಥಗಳನ್ನೂ ಬಳಕೆಗೆ ತಂದರು. ಜಿಡ್ಡನ್ನು ಇಷ್ಟಪಡುವ ಮದ್ದನ್ನು ಜಿಡ್ಡಿನಲ್ಲಿ ಕಲಸಿದರೆ ಅದು ಅಲ್ಲೇ ಅಂಟಿ ಕೂರುತ್ತದೆ, ಹೊರಬರುವುದಿಲ್ಲ. ಬಲವಾದ ಮದ್ದಾದರೆ ಒಳಚರ್ಮ ಉರಿಯುತ್ತದೆ. ಹೆಚ್ಚು ಮೇಲಕ್ಕೆ ಜಾರಿದರೆ ಮತ್ತೆ ಯಕೃತ್ತಿನ ದಾರಿಯೇ.

1998ರಲ್ಲಿ ಅಮೆರಿಕದಲ್ಲಿ ಕ್ಯಾಪೆಸಿಟಬಿನ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದೂ ಮೈಯೊಳಗೆ 5-ಫ್ಲೂರೊಯುರಾಸಿಲ್ ಆಗುವಂಥದ್ದೇ, ಈಗ ಇಲ್ಲಿಯೂ ಬರೆದುಕೊಡುತ್ತಾರೆ. ಆದರೆ ಮಾತ್ರೆಯನ್ನು ನುಂಗಬೇಕಲ್ಲ. ಮನೆಯಲ್ಲಿ ಅಂಥ ರೋಗಿ ಇದ್ದರೆ, ನುಂಗಲಾಗುತ್ತಿಲ್ಲ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ. ವಾಂತಿಗೆ, ನೋವಿಗೆ ಬೇರೆ ದಾರಿಯ ಮದ್ದುಗಳಿವೆ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿದ್ದರೆ ಸೋಂಕಿನ ಭಯ. ಆಗ ಅವರನ್ನು ಕೇಳದೆ ಹಿಂದಿನಿಂದ ಏನನ್ನೂ ಇಡಬೇಡಿ, ಅಜ್ಜಿಯ ತೊಟ್ಟನ್ನೂ.