ಅಡ್ಡಹೆಸರು ಕೇಳುವ ಸೊಸೈಟಿ

ನಾಲ್ಕು ವರ್ಷಗಳ ಹಿಂದೆ ಮುಂಬೈಯ ಒಂದು ಉಪನಗರದಲ್ಲಿ ನಾವು ಫ್ಲ್ಯಾಟ್ ಕೊಳ್ಳಲು ಹೊರಟೆವು. ಏಳು ಮಹಡಿಯ ಕಟ್ಟಡ, ಐದನೆಯ ಮಹಡಿಯ ಮನೆ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದರು, ಮಾರುವವರ ಜೊತೆ ಮಾತು ಮುಗಿದಿತ್ತು. ಸೊಸೈಟಿಯ ಕಮಿಟಿಯವರನ್ನು ಒಂದು ಸಲ ಕಂಡು ಬರುವುದಷ್ಟೇ ಬಾಕಿ ಎಂದು ದಲ್ಲಾಳಿ ಹೇಳಿದರು.

ಅಲ್ಲಿ ಕೊಟ್ಟ ಫಾರಂನಲ್ಲಿ ಅಡ್ಡಹೆಸರಿಗೆ ಒಂದು ಜಾಗವಿತ್ತು. ನನಗೆ ಅಡ್ಡಹೆಸರಿಲ್ಲ. ಮಂಡ್ಯದ ಕಡೆಯ ಬಹಳ ಜನರ ಹಾಗೆ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ, ಒಂದು ಊರಿನದು, ಇನ್ನೊಂದು ಅಪ್ಪನದು. ಊರಿನ ಹೆಸರನ್ನೇ ಬರೆದೆ. ಸೆಕ್ರೆಟರಿಗಳು ಮರ್ಯಾದಸ್ಥರು, ಚಹಾ ತರಿಸಿದ್ದರು. ‘ಇದು ಊರಾಯಿತು, ಆಡನಾವ್ ಯಾವುದು?’ ಎಂದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಮನೆಯಲ್ಲಿ ಅಡುಗೆ ಎಂಥದ್ದು?’ ಎಂದು ಕೇಳಿದರು. ಎರಡೂ ಒಂದೇ ಪ್ರಶ್ನೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಬೀದಿಯಲ್ಲಿ ಯಾರಿಲ್ಲ? ಗುಜರಾತಿ ಕಿರಾಣಿ ಅಂಗಡಿ, ಮಲಯಾಳಿ ಬೇಕರಿ, ಬಿಹಾರದ ಇಸ್ತ್ರಿಯವರು, ಶೆಟ್ಟರ ಹೋಟೆಲು, ಮೂಲೆಯಲ್ಲಿ ಮಸೀದಿ, ಅದರಾಚೆ ಚರ್ಚು. ಹೆಸರು ಕೇಳದೆ ಎಲ್ಲರನ್ನೂ ಬಿಟ್ಟುಕೊಳ್ಳುವುದು ಬೀದಿ. ಕೇಳುವುದು ಗೇಟು. ಗೇಟಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಮ್ಮ ಕನ್ನಡ ಜಿಲ್ಲೆಗಳ ಜನರೇ ಆ ಕಥೆಯ ಮೊದಲ ಪುಟಗಳಲ್ಲಿ ಸಿಕ್ಕರು.

‘ಸೊಸೈಟಿ’ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ಬೆಳೆದ ಊರಿನಲ್ಲಿ ಸೊಸೈಟಿ ಎಂದರೆ ಸಕ್ಕರೆ, ಸೀಮೆಎಣ್ಣೆ, ಗೊಬ್ಬರ ಸಿಗುವ ಜಾಗ. ಮುಂಬೈಯಲ್ಲಿ ಅದು ಮನೆಯಿರುವ ಕಟ್ಟಡ. ಎರಡಕ್ಕೂ ಬೇರು ಒಂದೇ, ಸಹಕಾರಿ ಕಾನೂನು. 1904ರ ಕಾನೂನು ರೈತರಿಗೆ ಸಾಲ ಕೊಡುವ ಸಂಘಗಳಿಗಾಗಿ ಬಂದದ್ದು. 1912ರ ಕಾನೂನು ಸಾಲವಲ್ಲದೆ ಬೇರೆ ಉದ್ದೇಶದ ಸಂಘಗಳಿಗೂ ದಾರಿ ಮಾಡಿಕೊಟ್ಟಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಕಾನೂನಿತ್ತು. ಅದರಡಿ 1909ರಲ್ಲೇ ಬೆಂಗಳೂರಿನಲ್ಲಿ ಮನೆ ಕಟ್ಟುವವರ ಸಹಕಾರ ಸಂಘವೊಂದು ಹುಟ್ಟಿತ್ತು.

ಮುಂಬೈಗೆ ಇದರ ಅಗತ್ಯ ಬಿದ್ದದ್ದು ಪ್ಲೇಗಿನಿಂದ. 1896ರಲ್ಲಿ ಪ್ಲೇಗು ಬಂದಾಗ ಸರ್ಕಾರದ ಕಣ್ಣು ಗಾಳಿ ಬೆಳಕಿಲ್ಲದ, ಜನ ಕಿಕ್ಕಿರಿದ ಕೇರಿಗಳ ಮೇಲೆ ಬಿತ್ತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ಹಳೆಯ ಕೇರಿಗಳನ್ನು ಒಡೆಯಿತು, ಅಗಲ ರಸ್ತೆ ಹಾಕಿತು, ಗಾಮ್‌ದೇವಿ, ದಾದರ್, ಮಾಟುಂಗಾಗಳಲ್ಲಿ ಹೊಸ ನಿವೇಶನ ಮಾಡಿ ಗುತ್ತಿಗೆಗೆ ಕೊಟ್ಟಿತು. ಆದರೆ ಕಚೇರಿ ಗುಮಾಸ್ತನೊಬ್ಬ ಒಂಟಿಯಾಗಿ ನಿವೇಶನ ಹಿಡಿದು ಕಟ್ಟಡ ಕಟ್ಟಿಸುವುದು ಆಗದ ಮಾತು.

ಹಲವರು ಸೇರಿದರೆ ಆದೀತು ಎಂದು ಲೆಕ್ಕ ಹಾಕಿದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಕೆಲಸ ಹುಡುಕಿ ಮುಂಬೈಗೆ ಬಂದಿದ್ದ ಚಿತ್ರಾಪುರ ಸಾರಸ್ವತರ ಮುಂದಾಳು ಅವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ಸಮುದಾಯ ಅದು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಕಟ್ಟಡದ ಒಡೆತನ ಸಂಘದ್ದು, ಸಂಘದಲ್ಲಿ ಷೇರು ಸದಸ್ಯರದ್ದು, ಷೇರಿನ ಬಲದಿಂದ ವಾಸದ ಹಕ್ಕು. ಇಂದು ನೀವು ಪುಣೆಯಲ್ಲಿ ಫ್ಲ್ಯಾಟ್ ಕೊಂಡಾಗ ಕೈಗೆ ಬರುವ ಷೇರು ಸರ್ಟಿಫಿಕೇಟಿನ ಹಿರಿಯಜ್ಜ ಇದೇ. ತಲ್ಮಕಿಯವರ ನೆನಪಿಗೆ ತಾರ್ದೇವ್‌ನಲ್ಲಿ ತಲ್ಮಕಿವಾಡಿ ಇಂದಿಗೂ ಇದೆ.

ಸಂಘ ಒಂದೇ ಸಮುದಾಯದ್ದಾಗಿತ್ತು ಎಂದು ಇವತ್ತು ಮೂಗು ಮುರಿಯುವುದು ಸುಲಭ. ಆದರೆ ಸಹಕಾರಿ ಸಾಲ ನಿಂತಿದ್ದೇ ಪರಸ್ಪರ ಪರಿಚಯದ ಮೇಲೆ. ಯಾರು ಕಂತು ಕಟ್ಟುತ್ತಾರೆ, ಯಾರು ಕೈ ಎತ್ತುತ್ತಾರೆ ಎಂಬುದು ನೆಂಟರಿಷ್ಟರಿಗೆ ಗೊತ್ತಿರುತ್ತಿತ್ತು. ಪರಊರಿನಲ್ಲಿ ಕಾಲೂರಲು ಬಂದವರಿಗೆ ನಮ್ಮವರು ಎಂಬುದೇ ಜಾಮೀನು. ದೆಹಲಿಗೋ ಹೈದರಾಬಾದಿಗೋ ಮೊದಲ ಸಲ ಹೋದಾಗ ನಾವೂ ಕನ್ನಡದವರ ಫೋನ್ ನಂಬರನ್ನೇ ಅಲ್ಲವೇ ಹುಡುಕಿದ್ದು?

ಈ ಜಾಮೀನು ಸಿಗದವರ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1917ರಲ್ಲಿ, ಗಾಮ್‌ದೇವಿಯ ಸಂಘಕ್ಕೆ ಎರಡು ವರ್ಷವಾಗಿದ್ದಾಗ, ಅಂಬೇಡ್ಕರ್ ವಿದೇಶದಿಂದ ಮರಳಿ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಇಟ್ಟುಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಗುಟ್ಟು ಬಯಲಾದ ಮೇಲೆ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಡಿಸಿದರು. ಹೆಸರು ಕೇಳುವುದು ಎಂದರೆ ಏನೆಂದು ಆ ಪ್ರಸಂಗ ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮುಂಬೈಯಲ್ಲಿ ಅವರು ವರ್ಷಗಟ್ಟಲೆ ಇದ್ದದ್ದು ಪರೇಲ್‌ನಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟಿನದೇ ಚಾಳಿನಲ್ಲಿ. ಪ್ಲೇಗಿನ ನಂತರದ ನಗರ ಒಬ್ಬರಿಗೆ ಸಂಘ ಕಟ್ಟುವ ನಿವೇಶನ ಕೊಟ್ಟಿತು, ಇನ್ನೊಬ್ಬರಿಗೆ ಚಾಳಿನ ಖೋಲಿ ಕೊಟ್ಟಿತು.

ಫ್ಲ್ಯಾಟ್ ಎಂಬ ಮನೆಯೂ ಆ ಕಾಲದ್ದೇ. ಚಾಳಿನಲ್ಲಿ ಕಕ್ಕಸು ಸಾಲಿನ ಕೊನೆಯಲ್ಲಿ, ಎಲ್ಲರಿಗೂ ಒಂದೇ. ಊರಿನ ಮನೆಯಲ್ಲಿ ಅದು ಹಿತ್ತಲಿನಾಚೆ. ಮಾಟುಂಗಾದ ಹೊಸ ಕಟ್ಟಡಗಳಲ್ಲಿ ಅದು ಮನೆಯ ಒಳಗೇ ಬಂತು, ಅಡುಗೆಮನೆಗೆ ನಾಲ್ಕು ಹೆಜ್ಜೆ ದೂರದಲ್ಲಿ. ಮಡಿ ಮೈಲಿಗೆ ಎಣಿಸುತ್ತಿದ್ದ ಕುಟುಂಬಗಳಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ದಕ್ಷಿಣದಿಂದ ಬಂದ ಮಧ್ಯಮ ವರ್ಗ ಮಾಟುಂಗಾದಲ್ಲಿ ಇದಕ್ಕೆ ಹೇಗೆ ಒಗ್ಗಿಕೊಂಡಿತು ಎಂಬುದನ್ನು ಇತಿಹಾಸಕಾರ ನಿಖಿಲ್ ರಾವ್ ವಿವರವಾಗಿ ಬರೆದಿದ್ದಾರೆ. ಮೈಲಿಗೆ ಮನೆಯೊಳಗೇ ಬಂದರೂ ಜನ ಹೊಂದಿಕೊಂಡರು. ಪಕ್ಕದ ಮನೆಗೆ ಯಾರು ಬರುತ್ತಾರೆ ಎಂಬ ವಿಷಯದಲ್ಲಿ ಅಷ್ಟು ಬೇಗ ಹೊಂದಿಕೊಳ್ಳಲಿಲ್ಲ.

ಆಗೆಲ್ಲ ಬಹುಪಾಲು ಜನ ಬಾಡಿಗೆದಾರರೇ. ಅದನ್ನು ಬದಲಿಸಿದ್ದು 1947ರ ಬಾಡಿಗೆ ಕಾನೂನು. ಬಾಡಿಗೆ 1940ರ ಮಟ್ಟದಲ್ಲಿ ನಿಂತುಬಿಟ್ಟಿತು. ಇದ್ದವರಿಗೆ ರಕ್ಷಣೆಯಾಯಿತು, ಹೊಸದಾಗಿ ಬಾಡಿಗೆಗೆಂದು ಕಟ್ಟುವವರಿಗೆ ಲಾಭವಿಲ್ಲವಾಯಿತು. ಹಳೆಯ ಮನೆಗಳು ‘ಪಗಡಿ’ ಎಂಬ ಇಡಿಗಂಟಿನ ಮೇಲೆ ಕೈ ಬದಲಾದವು. ಪಗಡಿ ಎಂದರೆ ಪೇಟ. ಬಿಲ್ಡರುಗಳು ಹೊಸ ಮನೆಗಳನ್ನು ಒಂದೊಂದಾಗಿ ಮಾರತೊಡಗಿದರು. ಮುಂಬೈಯ ಮರಾಠಿಯಲ್ಲಿ ‘ಓನರ್‌ಶಿಪ್‌ಚಾ ಬ್ಲಾಕ್’ ಎಂಬ ಮಾತು ಬಂದದ್ದು ಹೀಗೆ.

ಮಾರುವ ಭರದಲ್ಲಿ ಮೋಸವೂ ನಡೆಯಿತು. ಹಾಗಾಗಿ ಮಹಾರಾಷ್ಟ್ರ 1963ರಲ್ಲಿ ಓನರ್‌ಶಿಪ್ ಫ್ಲ್ಯಾಟುಗಳ ಕಾನೂನು ತಂದಿತು. ಜಮೀನಿನ ಹಕ್ಕುಪತ್ರ ತೋರಿಸಬೇಕು, ಕರಾರು ನೋಂದಾಯಿಸಬೇಕು, ಕೊಂಡವರ ಸಂಘ ಮಾಡಿಸಬೇಕು, ಜಮೀನನ್ನು ಆ ಸಂಘಕ್ಕೆ ಬರೆದುಕೊಡಬೇಕು. ಇಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. 1915ರಲ್ಲಿ ಪರಿಚಿತರು ಸೇರಿ ಸೊಸೈಟಿ ಮಾಡಿ ಮನೆ ಕಟ್ಟಿದ್ದರು. 1963ರ ನಂತರ ಅಪರಿಚಿತರು ಮೊದಲು ಮನೆ ಕೊಂಡು, ಆಮೇಲೆ ಸೊಸೈಟಿಯಾದರು. ಹಣ ಬ್ಯಾಂಕಿನದು, ಜಾಮೀನು ಸಂಬಳದ ಚೀಟಿಯದು. ನಮ್ಮವರು ಎಂಬ ಜಾಮೀನಿನ ಕೆಲಸ ಮುಗಿದಿತ್ತು, ಅದನ್ನು ಕೇಳುವ ಅಭ್ಯಾಸ ಮಾತ್ರ ಉಳಿದುಕೊಂಡಿತು.

ಕಾನೂನು ಏನು ಹೇಳುತ್ತದೆ? ಮಹಾರಾಷ್ಟ್ರದ 1960ರ ಸಹಕಾರಿ ಕಾನೂನಿನ ಪ್ರಕಾರ ಅರ್ಹರಿಗೆ ಸಾಕಷ್ಟು ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸುವಂತಿಲ್ಲ. ಮೂರು ತಿಂಗಳೊಳಗೆ ತೀರ್ಮಾನ ತಿಳಿಸದಿದ್ದರೆ ಸದಸ್ಯರಾದಂತೆಯೇ ಲೆಕ್ಕ. ಇನ್ನೊಂದು ಕಡೆ, 2005ರಲ್ಲಿ ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಅದರ ಬೈಲಾವನ್ನು ಎತ್ತಿಹಿಡಿಯಿತು. ಆದರೆ ನಮ್ಮದರಂಥ ಕಟ್ಟಡಗಳಿಗೆ ಅಂಥ ಬೈಲಾ ಯಾವುದೂ ಇಲ್ಲ. ಇರುವುದು ಫಾರಂನಲ್ಲಿ ಒಂದು ಜಾಗ, ಚಹಾದ ಜೊತೆ ಒಂದು ಪ್ರಶ್ನೆ. ಬರವಣಿಗೆಯಲ್ಲಿ ಇಲ್ಲದ ನಿಯಮವನ್ನು ಯಾವ ಕೋರ್ಟಿಗೆ ಒಯ್ಯುವುದು?

ಅಂದು ನಾನು ಅಡುಗೆಯ ಪ್ರಶ್ನೆಗೆ ‘ಎಲ್ಲರ ಮನೆಯ ಹಾಗೆ’ ಎಂದು ನಕ್ಕು ತೇಲಿಸಿದೆ. ಅವರಿಗೆ ಬೇಕಾದ ಅರ್ಥ ಅವರು ಮಾಡಿಕೊಂಡರು. ಮನೆ ಸಿಕ್ಕಿತು. ಮೊದಲ ವರ್ಷ ಮೀನು ಹುರಿಯುವಾಗ ಕಿಟಕಿ ಮುಚ್ಚುತ್ತಿದ್ದೆ.

ಹೋದ ವರ್ಷ ಮೂರನೆಯ ಮಹಡಿಯ ಮನೆ ಮಾರಾಟಕ್ಕೆ ಬಂತು. ಸಭೆಯಲ್ಲಿ ಕೊಳ್ಳುವವರ ಹೆಸರು ಓದಿದರು. ಗಂಡ ಹೆಂಡತಿ ಇಬ್ಬರೂ ಡಾಕ್ಟರು, ಮುಸ್ಲಿಮರು. ಯಾರೂ ಬೇಡ ಎನ್ನಲಿಲ್ಲ. ‘ನೋಡೋಣ, ಮುಂದಿನ ಸಭೆಗೆ ಇಡೋಣ’ ಎಂದರು. ಕಾನೂನಿನ ಕಲಮು ನನಗೆ ಗೊತ್ತಿತ್ತು, ಈ ಇತಿಹಾಸವನ್ನೂ ಅಷ್ಟರಲ್ಲಿ ಓದಿದ್ದೆ. ಬಾಯಿ ತೆರೆಯಲಿಲ್ಲ. ಮುಂದಿನ ಸಭೆಯ ಹೊತ್ತಿಗೆ ಅವರು ಬೇರೆಲ್ಲೋ ಮನೆ ನೋಡಿಕೊಂಡಿದ್ದರು.

ಸೊಸೈಟಿಯ ಫಾರಂ ಇನ್ನೂ ಅದೇ ಇದೆ. ಬರುವ ವಾರ್ಷಿಕ ಸಭೆಗೆ, ಅಡ್ಡಹೆಸರಿನ ಜಾಗ ತೆಗೆಯಬೇಕು ಎಂದು ಒಂದು ಸಾಲಿನ ಠರಾವು ಬರೆದಿದ್ದೇನೆ. ಅನುಮೋದಿಸಲು ಇನ್ನೊಬ್ಬರ ಸಹಿ ಬೇಕು. ಎರಡನೆಯ ಮಹಡಿಯ ಅಜ್ಜಿಯನ್ನು ಕೇಳಿದ್ದೇನೆ, ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.